ಮೂವತ್ತೆರಡನೆಯವಳು

"ಪೊರ್ಬುಗಳೇ, ನೀವು ಮಾಡಿಟ್ಟದ್ದು ಪುಸ್ತಕ ಅಲ್ಲ, ಬೇಲಿ! ಸಾಲಿಗೊಂದು ಗೂಟ ಹೊಡೆದಿಟ್ಟಿದ್ದೀರಿ. ಇದನ್ನೆಲ್ಲ ಕೀಳಲಿಕ್ಕೆ ಈ ಹುಡುಗಿಗೆ ಇನ್ನು ಎಷ್ಟು ತಿಂಗಳು ಬೇಕು, ನೀವೇ ಹೇಳಿ!"

"ಗೂಟ ಹೊಡೆದದ್ದಕ್ಕೇ ನಿನ್ನ ಅಪ್ಪನ ಪ್ರೆಸ್ಸು ಇವತ್ತಿನವರೆಗೆ ನಿಂತದ್ದು. ಗೊತ್ತುಂಟಾ ನಿಂಗೆ?"

ಊರಲ್ಲಿ ಕ್ರೈಸ್ತ ಗಂಡಸರಿಗೆ ಪೊರ್ಬುಗಳು ಎಂಬುದು ಮರ್ಯಾದೆಯ ಕರೆ; ಅದಕ್ಕೆ ಉತ್ತರವಾಗಿ ಸಿಟ್ಟಿನಲ್ಲಿ ಏಕವಚನ ಬಂದುಬಿಟ್ಟಿತ್ತು. ಅದನ್ನು ಹಿಂದೆ ತೆಗೆದುಕೊಳ್ಳುವ ಮನಸ್ಸು ಆಂಬ್ರೋಸನಿಗಿರಲಿಲ್ಲ. ಈ ಈಶ್ವರಪ್ರಸಾದ ಚಡ್ಡಿ ಹಾಕಿಕೊಂಡು ಪ್ರೆಸ್ಸಿಗೆ ಬಂದು ಸೀಸದ ಅಕ್ಷರಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಾಗ ಬೆರಳು ಹಾಕಿ ಹೊರತೆಗೆದವನು ಯಾರು? ಈಗ ಧಣಿಯ ಕುರ್ಚಿಯಲ್ಲಿ ಕೂತು ಮೇಜು ಗುದ್ದುತ್ತಾನೆ. ಮಂಜೇಶ್ವರದ ರೈಲ್ವೇ ಗೇಟಿನ ಹತ್ತಿರದ ಈ ಕಟ್ಟಡಕ್ಕೆ ಆಂಬ್ರೋಸ್ ಬಂದದ್ದು ಹದಿನೇಳನೇ ವಯಸ್ಸಿನಲ್ಲಿ, ಮೊಳೆ ಜೋಡಿಸುವ ಕೆಲಸಕ್ಕೆ. ಒಂದು ಸಾಲು ಎಂದರೆ ಅಂಗೈಯಲ್ಲಿ ಹಿಡಿದ ಕಬ್ಬಿಣದ ಸ್ಟಿಕ್ಕಿನಷ್ಟು ಅಗಲ. ಅದನ್ನು ತುಂಬಿಸಿ, ಎರಡು ಪದಗಳ ನಡುವೆ ತೆಳು ಸೀಸದ ಚೂರು ತೂರಿಸಿ, ಅಲುಗಾಡದಂತೆ ಬಿಗಿ ಮಾಡಿದ ಮೇಲೆಯೇ ಮುಂದಿನ ಸಾಲು. ಆಮೇಲೆ ಕಂಪ್ಯೂಟರ್ ಬಂತು. ಕಂಪ್ಯೂಟರಿನಲ್ಲೂ ಅವನು ಹಾಗೆಯೇ ಮಾಡಿದ. ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಿ ಸಾಲು ಮುರಿದ. ಪದ ಉದ್ದವಾದರೆ ಕೈಯಿಂದಲೇ ಅಡ್ಡಗೆರೆ ಹಾಕಿ ಎರಡು ತುಂಡು ಮಾಡಿದ. ಎಡ ಬಲ ಸಮ ಬರಲಿಕ್ಕೆ ನಡುವೆ ಖಾಲಿ ಜಾಗಗಳನ್ನು ಒತ್ತಿದ. ಅವನು ಕಟ್ಟಿದ ಪುಟದ ಬದಿಯಲ್ಲಿ ನೂಲು ಹಿಡಿದು ನೋಡಬಹುದಿತ್ತು. ಮಂಗಳೂರಿನಿಂದ ಲೇಖಕರು ಬಂದು, ಪುಟ ಕಟ್ಟುವುದಾದರೆ ಆಂಬ್ರೋಸ್ ಕಟ್ಟಬೇಕು ಎಂದು ಹೇಳಿ ಹೋಗುತ್ತಿದ್ದರು.

"ಕಾಗದದಲ್ಲಿ ಒಂದು ತಪ್ಪು ತೋರಿಸು ನೋಡುವ," ಅಂದ.

"ಕಾಗದದಲ್ಲಿ ಚಂದ ಉಂಟು ಅಂಕಲ್," ಎಂದಳು ಚಿತ್ರಾ. ಕಳೆದ ತಿಂಗಳು ಕೆಲಸಕ್ಕೆ ಸೇರಿದ ಈ ಹುಡುಗಿ ಅವನ ಊರು ವರ್ಕಾಡಿಯವಳೇ. "ಒಳಗೆ ಮಾತ್ರ ಎಲ್ಲ ಕೊಳೆತಿದೆ."

ಅವಳು ಕೆಣಕಲಿಕ್ಕೆ ಹೇಳಿದ್ದಲ್ಲ. ಅದೇ ಹೆಚ್ಚು ಚುಚ್ಚಿತು. ಅವಳ ಪರದೆಯ ಮೇಲೆ ಅವನ ಪುಟ ಹುಚ್ಚು ಹಿಡಿದಂತೆ ಬಿದ್ದಿತ್ತು: ಒಂದು ಸಾಲು ಪೂರ್ತಿ, ಮುಂದಿನದ್ದು ಎರಡೇ ಪದ, ಮತ್ತೆ ಒಂದು ಪೂರ್ತಿ, ಆಮೇಲೆ ಅರ್ಧ ಪದ, ಅಡ್ಡಗೆರೆ, ದೊಡ್ಡ ತೂತು. ಕಾಸರಗೋಡಿನ ಒಂದು ಟ್ರಸ್ಟಿನವರು ಗಡಿನಾಡಿನ ಹಳೆಯ ಕನ್ನಡ ಪುಸ್ತಕಗಳನ್ನು ಫೋನಿನಲ್ಲಿ ಓದುವ ಹಾಗೆ ಮಾಡಿಸುತ್ತಿದ್ದರು. ಪ್ರೆಸ್ಸಿಗೆ ಸಿಕ್ಕಿದ ದೊಡ್ಡ ಕೆಲಸ ಎಂದರೆ ಈಗ ಅದೊಂದೇ. ಅಕ್ಷರ ಯುನಿಕೋಡಿನಲ್ಲಿರಬೇಕು, ಪರಿವಿಡಿ ಇರಬೇಕು, ಪರಿವಿಡಿಯಲ್ಲಿ ಬೆರಳಿಟ್ಟರೆ ಆ ಅಧ್ಯಾಯ ತೆರೆಯಬೇಕು. ಸರಿಯಿದೆಯೋ ಇಲ್ಲವೋ ಎಂದು ಒಂದು ತಂತ್ರಾಂಶ ಪರೀಕ್ಷೆ ಮಾಡುತ್ತಿತ್ತು. ಆಂಬ್ರೋಸ್ ಕಟ್ಟಿದ ಪುಸ್ತಕಗಳನ್ನು ಅದರ ಬಾಯಿಗೆ ಕೊಟ್ಟರೆ ಪರದೆ ತುಂಬ ಕೆಂಪು ಗೆರೆ.

"ಅಂಕಲ್, ಬೈಬೇಡಿ. ಒಂದು ಕೇಳ್ಲಿಕ್ಕುಂಟು," ಎಂದಳು ಚಿತ್ರಾ. "ಜಲಜಾಕ್ಷಿ ಟೀಚರ ಪುಸ್ತಕ. ಬೀಡಿ ಕಟ್ಟುವ ಹೆಂಗಸರ ಬದುಕಿನ ಕತೆಗಳದ್ದು."

ಆಂಬ್ರೋಸ್ ಮುಖ ತಿರುಗಿಸಿದ. ಕಿಟಕಿಯ ಆಚೆ ಗೇಟು ಬಿದ್ದಿತ್ತು. ಗಾಡಿ ಇನ್ನೂ ಬಂದಿರಲಿಲ್ಲ.

"ಮುನ್ನುಡಿಯಲ್ಲಿ ಟೀಚರು ಮೂವತ್ತೆರಡು ಹೆಂಗಸರು ಅಂತ ಬರೆದಿದ್ದಾರೆ. ಪರಿವಿಡಿ ಮಾಡುವಾಗ ಲೆಕ್ಕ ಮೂವತ್ತೊಂದೇ ಬರ್ತದೆ. ಮೂರು ಸಲ ನೋಡಿದೆ. ಒಬ್ಬರು ಇಲ್ಲ."

"ಟೀಚರಿಗೆ ಲೆಕ್ಕ ತಪ್ಪಿರಬಹುದು," ಎಂದ ಈಶ್ವರಪ್ರಸಾದ. ಸಿಟ್ಟಿನ ದಿಕ್ಕು ತಪ್ಪಿದ್ದಕ್ಕೆ ಅವನಿಗೆ ಬೇಸರವಾದಂತಿತ್ತು.

"ಅವರು ಲೆಕ್ಕದ ಟೀಚರು ಸಾರ್," ಎಂದು ಚಿತ್ರಾ ನಕ್ಕಳು. "ನಿನ್ನೆ ಫೋನು ಮಾಡಿದೆ. ಕೈಬರಹದ ಪುಸ್ತಕ ಇನ್ನೂ ಅವರಲ್ಲುಂಟಂತೆ. ಮಧ್ಯಾಹ್ನ ಕುಂಬಳೆಗೆ ಹೋಗಿ ಫೋಟೋ ತೆಗೆದು ತರ್ತೇನೆ. ಅಂಕಲ್, ಅದು ನಿಮ್ಮ ಮನೆಯ ಆನ್ಸಿಲ್ಲಾ ಬಾಯಮ್ಮನದ್ದಂತೆ. ಅವರೇ ಬೇಡ ಅಂದದ್ದಂತಲ್ಲ? ಪುನಃ ಒಮ್ಮೆ ಕೇಳಿ ನೋಡು, ಈಗ ಒಪ್ಪಿದರೂ ಒಪ್ಪಿಯಾಳು ಅಂದ್ರು ಟೀಚರು. ಸಂಜೆ ಬಸ್ಸಿಳಿದು ನಿಮ್ಮಲ್ಲಿಗೇ ಬರ್ತೇನೆ."

"ಆಗ್ಲಿಕ್ಕಿಲ್ಲ," ಎಂದ ಆಂಬ್ರೋಸ್. ಬಾಯಿಗೆ ಬಂದದ್ದನ್ನು ಹೇಳಿದ: "ಆರು ಫಾರ್ಮಿನ ಪುಸ್ತಕ ಅದು. ಪುಟ ಜಾಸ್ತಿ ಆಗ್ತದೆ."

ಚಿತ್ರಾ ಅವನ ಮುಖವನ್ನೇ ನೋಡಿದಳು. "ಇದರಲ್ಲಿ ಪುಟ ಅಂತ ಇಲ್ಲ ಅಂಕಲ್. ಎಷ್ಟು ಬೇಕಾದರೂ ಹಿಡೀತದೆ."

ಅವನು ಕೊಡೆ ತೆಗೆದುಕೊಂಡು ಹೊರಬಿದ್ದ. ಹಿಂದಿನಿಂದ ಈಶ್ವರಪ್ರಸಾದ, "ನಾನು ಮಾತು ಮುಗಿಸ್ಲಿಲ್ಲ ಪೊರ್ಬುಗಳೇ!" ಎಂದು ಕೂಗಿದ್ದು ಗಾಡಿಯ ಸದ್ದಿನಲ್ಲಿ ಅರ್ಧ ಮುಳುಗಿತು.

ಹೊಸಂಗಡಿಯಲ್ಲಿ ವರ್ಕಾಡಿಯ ಬಸ್ಸು ನಿಂತಿತ್ತು. ಕಂಡಕ್ಟರ್ ಕುಂಞ, "ಎಂತ ಪೊರ್ಬುಗಳೇ, ಹನ್ನೊಂದು ಗಂಟೆಗೇ? ಪ್ರೆಸ್ಸಿಗೆ ಬೀಗವಾ?" ಎಂದು ಹಲ್ಲು ಬಿಟ್ಟ. ಕಪಾಳಕ್ಕೆ ಒಂದು ಬಿಡಬೇಕೆನಿಸಿತು. ಕಿಟಕಿಯ ಹತ್ತಿರ ಕೂತ. ಎಷ್ಟು ಬೇಕಾದರೂ ಹಿಡೀತದೆ. ಹುಡುಗಿ ಎಷ್ಟು ಸುಲಭದಲ್ಲಿ ಹೇಳಿಬಿಟ್ಟಳು! ಒಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ, ಅದು ಒಂದು ಫಾರ್ಮು. ಪುಸ್ತಕ ಆರು ಫಾರ್ಮಿನಲ್ಲಿ ಮುಗಿದರೆ ತೊಂಬತ್ತಾರು ಪುಟ. ತೊಂಬತ್ತೆಂಟಾದರೆ ಆ ಎರಡು ಪುಟಕ್ಕಾಗಿ ಇನ್ನೊಂದು ಫಾರ್ಮು ಹಾಕಿ ಹದಿನಾಲ್ಕು ಪುಟ ಬಿಳಿ ಬಿಡಬೇಕು. ಹಳೆಯ ಧಣಿಗಳು, "ಆಂಬ್ರೋಸ್, ಎಂತಾದರೂ ಮಾಡು ಮಾರಾಯ," ಎನ್ನುತ್ತಿದ್ದರು. ಅವನು ಮಾಡುತ್ತಿದ್ದ. ಯಾರದೋ ಪ್ರಬಂಧದಲ್ಲಿ ಒಂದು ವಾಕ್ಯ ಹಾರಿಸುತ್ತಿದ್ದ, ಯಾರದೋ ಕಾದಂಬರಿಯಲ್ಲಿ ಸಂಜೆಯ ವರ್ಣನೆಯೊಂದನ್ನು ನುಂಗಿಬಿಡುತ್ತಿದ್ದ. ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಬರೆದವರು ತಮ್ಮದೇ ಪುಸ್ತಕವನ್ನು ಓದುವುದಿಲ್ಲ, ಹೆಸರು ಮಾತ್ರ ನೋಡುತ್ತಾರೆ ಎಂದು ಒಳಗೊಳಗೇ ನಗುತ್ತಿದ್ದ. ಅವನು ಕೊಂದ ವಾಕ್ಯಗಳನ್ನೆಲ್ಲ ಜೋಡಿಸಿದರೆ ಅದೇ ಒಂದು ಪುಸ್ತಕವಾಗುತ್ತಿತ್ತೇನೋ. ಈಗ ಈ ಹುಡುಗಿ ಪುಟವೇ ಇಲ್ಲ ಎನ್ನುತ್ತಾಳೆ. ಹಾಗಾದರೆ ಅವೆಲ್ಲ ಸತ್ತದ್ದು ಯಾತಕ್ಕೆ?

ಆದರೆ ಹೆಂಡತಿ ಆನ್ಸಿಲ್ಲಾಳದ್ದನ್ನು ತೆಗೆದದ್ದು ಫಾರ್ಮಿಗಾಗಿ ಅಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗ ಅವನು ಮುಂದಿನ ಸೀಟಿನ ಕಂಬಿ ಹಿಡಿದ. ಹದಿನಾಲ್ಕು ವರ್ಷ ಅವನು ತನಗೆ ತಾನೇ ಫಾರ್ಮಿನ ಮಾತು ಹೇಳಿಕೊಂಡಿದ್ದ. ಎರಡು ಪುಟ ಹೆಚ್ಚಾಗಿದ್ದದ್ದು ನಿಜ. ಕೊನೆಗಿದ್ದದ್ದು ಅವಳದ್ದು ಎನ್ನುವುದೂ ನಿಜ; ಟೀಚರು ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಬೀಡಿ ಕೊಡಲು ಬಂದ ಹೆಂಗಸರ ನಡುವೆ ಕೂತು ಒಬ್ಬೊಬ್ಬರದ್ದೇ ಬರೆದುಕೊಳ್ಳುವಾಗ ಆನ್ಸಿಲ್ಲಾ ನಾಚಿಕೊಂಡು ಹಿಂದೆ ಹಿಂದೆ ಸರಿದು ಎಲ್ಲರಿಗಿಂತ ಕೊನೆಗೆ ಬಾಯಿಬಿಟ್ಟಿದ್ದಳಂತೆ. ಅವಳೂ ತನ್ನ ಕತೆ ಕೊಟ್ಟಿದ್ದಾಳೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಕೈಬರಹದ ಪುಟ ತಿರುಗಿಸಿದಾಗ ಮೇಲೆ ಹೆಂಡತಿಯ ಹೆಸರು ಕಂಡಿತ್ತು. ಬೆರಳು ಕೀಲಿಮಣೆಯ ಮೇಲೆಯೇ ನಿಂತಿತು.

ಬಾವಿಯ ಕತೆಯನ್ನು ಹೇಳಿಬಿಟ್ಟಿದ್ದಳು. ಮದುವೆಯಾದ ಎರಡನೇ ವರ್ಷದ್ದು. ಆಗ ಅವನು ಪ್ರೂಫು ತಿದ್ದಲು ಮನೆಗೆ ತರುತ್ತಿದ್ದ. ಒಂದು ದಿನ ಕಾಸರಗೋಡಿನ ಲೇಖಕರೊಬ್ಬರು ಪ್ರೂಫಿನ ಹಾಳೆಯನ್ನು ಮೂಗಿಗೆ ಹಿಡಿದು, "ಇದೆಂತ, ನನ್ನ ಕವಿತೆ ಬೀಡಿ ಸೇದಿ ಬಂದದ್ದಾ?" ಎಂದರು. ಧಣಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಡೀ ವಾರ ಪ್ರೆಸ್ಸಿನಲ್ಲಿ ಅವನಿಗೆ ಬೀಡಿ ಪೊರ್ಬು ಎಂದೇ ಹೆಸರು. ಆ ಸಂಜೆ ಅವನು ಮನೆಗೆ ಹೋಗಿ, ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಆನ್ಸಿಲ್ಲಾಳ ತೊಡೆಯ ಮೇಲಿದ್ದ ಮೊರವನ್ನು ಕಿತ್ತು, ಎಲೆ, ಹೊಗೆಸೊಪ್ಪು, ನೂಲು, ಕಟ್ಟಿದ ಬೀಡಿ ಎಲ್ಲವನ್ನೂ ಬಾವಿಗೆಸೆದಿದ್ದ. ಮೂರು ದಿನ ಕುಡಿಯುವ ನೀರು ಕಹಿಯಿತ್ತು. ಇಬ್ಬರೂ ಅದನ್ನೇ ಕುಡಿದರು.

ಅದೊಂದೇ ಆಗಿದ್ದರೆ ಸಿಟ್ಟು ಬರುತ್ತಿತ್ತು, ಅಷ್ಟೆ. ಆ ಪುಟದಲ್ಲಿ ಇನ್ನೊಂದಿತ್ತು. "ನಾನು ಶಾಲೆಗೆ ಹೋದವಳಲ್ಲ. ಅವರು ತಂದಿಡುವ ಪ್ರೂಫು ಹಾಳೆಯನ್ನು ಅವರು ಇಲ್ಲದಾಗ ಮೊರದ ಪಕ್ಕ ಹರಡಿಕೊಂಡು, ಎಲೆ ಸುತ್ತುತ್ತ ಒಂದೊಂದೇ ಅಕ್ಷರ ನೋಡಿ ಕಲಿತೆ. ತಪ್ಪಾದ ಕಡೆ ಅವರು ಗುರುತು ಹಾಕಿರುತ್ತಿದ್ದರು. ಯಾವುದು ಸರಿ ಎಂದು ನನಗೂ ತಿಳಿಯುತ್ತಿತ್ತು." ಪ್ರೂಫು ಹಾಳೆಗೆ ಹತ್ತಿದ್ದ ಆ ಬೀಡಿ ವಾಸನೆ ಅವಳು ಓದಿದ್ದರ ವಾಸನೆ. ಇದು ತಿಳಿದದ್ದು ಹದಿನೈದು ವರ್ಷದ ಮೇಲೆ, ಪ್ರೆಸ್ಸಿನ ಕುರ್ಚಿಯಲ್ಲಿ ಕೂತು, ಬೇರೊಬ್ಬರ ಕೈಬರಹದಲ್ಲಿ. ಕೊನೆಯ ಸಾಲು ಅವನಿಗೆ ಬಾಯಿಪಾಠ: "ಅವರು ಕೆಟ್ಟವರಲ್ಲ, ಅವರದ್ದು ಅಕ್ಷರದ ಕೆಲಸ, ನನ್ನದು ಎಲೆಯ ಕೆಲಸ, ಅಷ್ಟೇ ವ್ಯತ್ಯಾಸ." ಬೈದಿದ್ದರೆ ಅವನು ಬಿಟ್ಟುಬಿಡುತ್ತಿದ್ದನೋ ಏನೋ. ಊರಿನವರೆಲ್ಲ ಓದುವ ಪುಸ್ತಕದಲ್ಲಿ ಹೆಂಡತಿ ತನಗೆ ಕ್ಷಮೆ ಕೊಡುವುದು ಅವನಿಗೆ ಸಹಿಸಲಾಗಲಿಲ್ಲ.

ಟೀಚರು ಪ್ರೂಫು ನೋಡಲು ಬಂದಾಗ, "ಆನ್ಸಿಲ್ಲಾ ಬೇಡ ಅಂತ ಅಳ್ತಾಳೆ ಟೀಚರ್, ಕೈಮುಗಿದು ಕೇಳ್ತಾಳೆ," ಅಂದ. ಟೀಚರು, "ಅವಳಿಗೆ ಬೇಡದಿದ್ದರೆ ಬೇಡ," ಎಂದು ಕೆಂಪು ಗೆರೆ ಎಳೆದರು. ಮುನ್ನುಡಿಯಿದ್ದ ಮೊದಲನೇ ಫಾರ್ಮು ಆಗಲೇ ಅಚ್ಚಾಗಿತ್ತು. ಮೂವತ್ತೆರಡು ಎನ್ನುವುದು ಹಾಗೆಯೇ ಉಳಿಯಿತು. ಪರಿವಿಡಿ ಹಾಕಿರಲಿಲ್ಲ, ಅದಕ್ಕೂ ಒಂದು ಪುಟ ಬೇಕಲ್ಲ. ಯಾರು ಎಣಿಸುತ್ತಾರೆ?

ಎಣಿಸಿದ್ದಳು. ಪಂಚಾಯತು ಹಾಲಿನಲ್ಲಿ ಬಿಡುಗಡೆಯ ದಿನ ಆನ್ಸಿಲ್ಲಾ ಮದುವೆಯ ಸೀರೆ ಉಟ್ಟು ಮೂರನೇ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಚಿತ್ರಾಳ ತಾಯಿ ಗಂಗಾ. ಗಂಗಾ ತನ್ನ ಪುಟ ತೆರೆದು, ಓದಲು ಬಾರದಿದ್ದರೂ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಆನ್ಸಿಲ್ಲಾ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಪುಟ ತಿರುಗಿಸುವುದನ್ನು ಆಂಬ್ರೋಸ್ ಗೋಡೆಗೆ ಒರಗಿ ನೋಡಿದ. ಇದೇ ಬಸ್ಸಿನಲ್ಲಿ ಮನೆಗೆ ಬರುವಾಗ ಅವಳು ಕೇಳಲಿಲ್ಲ. ಕೇಳದೆ ಇದ್ದದ್ದನ್ನು ತಾಳಲಾರದೆ ಅವನೇ ಹೇಳಿದ: "ಟೀಚರೇ ತೆಗೆದದ್ದು. ನಿನ್ನದರಲ್ಲಿ ವಿಶೇಷ ಎಂತದೂ ಇಲ್ಲ ಅಂತ ಹೇಳಿದ್ರು." ಅವಳು ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡು, "ಹೌದಲ್ಲ, ನನ್ನದರಲ್ಲಿ ಎಂತ ಉಂಟು," ಎಂದಳು. ಮಕ್ಕಳಿಲ್ಲದ ಮನೆ. ಆ ದಿನದ ನಂತರ ಅವಳು ಅವನಿಗೆ ಏನನ್ನೂ ಪೂರ್ತಿಯಾಗಿ ಹೇಳಿದ ನೆನಪಿಲ್ಲ. ಅನ್ನ ಆಯ್ತು. ನೀರು ಕಾದಿದೆ. ಪಾದ್ರಿ ಬಂದಿದ್ದರು. ಅವನಿಗೂ ಅದು ಹಿತವೇ ಆಗಿತ್ತು.

"ಇಳೀತೀರೋ, ಡಿಪೋಗೆ ಬರ್ತೀರೋ?" ಎಂದು ಕುಂಞ ಕೇಳಿದ.

ಆನ್ಸಿಲ್ಲಾ ಜಗಲಿಯಲ್ಲಿ ಅದೇ ಜಾಗದಲ್ಲಿ ಕೂತು ಬಸಳೆ ಸೋಸುತ್ತಿದ್ದಳು. ಬೆರಳು ಗಂಟುಗಂಟಾಗಿ ಬೀಡಿ ಬಿಟ್ಟು ಎರಡು ವರ್ಷವಾಗಿತ್ತು. ಆದರೂ ಗೋಡೆಯಲ್ಲಿ ಅವಳ ಬೆನ್ನು ತಾಗುವ ಕಡೆ ಕಂದು ಬಣ್ಣದ ಗುರುತಿತ್ತು. ಈ ಹೊತ್ತಿಗೆ ಬಂದ ಗಂಡನನ್ನು ನೋಡಿ, "ಮೈಗೆ ಸರಿಯಿಲ್ಲವಾ?" ಎಂದು ಕೊಂಕಣಿಯಲ್ಲಿ ಕೇಳಿದಳು.

ದಾರಿಯುದ್ದಕ್ಕೂ ಅವನು ಹೇಳಬೇಕೆಂದು ಜೋಡಿಸಿಕೊಂಡು ಬಂದದ್ದು ಸತ್ಯವನ್ನೇ. ಅಂಗಳದಲ್ಲಿ ಚಪ್ಪಲಿ ಬಿಡುವಾಗಲೂ ಅದೇ ಇತ್ತು. ಬಾಯಿ ತೆರೆದಾಗ ಬಂದದ್ದು ಬೇರೆ.

"ಸಂಜೆ ಗಂಗಾನ ಮಗಳು ಬರ್ತಾಳೆ. ಎಂತದೋ ಪುಸ್ತಕದ ವಿಷಯ ಕೇಳ್ತಾಳೆ. ಬೇಡ ಅಂತ ಹೇಳು, ಆಯ್ತಾ? ಅಷ್ಟೇ ಹೇಳು."

"ಯಾವ ಪುಸ್ತಕ?"

"ಟೀಚರದ್ದು. ಅದನ್ನು ಫೋನಿಗೆ ಹಾಕ್ತಾರಂತೆ. ನಿನ್ನದನ್ನೂ ಸೇರಿಸ್ಲಾ ಅಂತ..."

ಬಸಳೆಯ ದಂಟು ಅವಳ ಕೈಯಲ್ಲಿ ನಿಂತಿತು. "ಟೀಚರು ಅದರಲ್ಲಿ ಎಂತದೂ ಇಲ್ಲ ಅಂದಿದ್ದರಲ್ಲ?"

"ಬೇಡ ಅಂತ ಹೇಳು ಅಂದೆನಲ್ಲ! ನೂರೆಂಟು ಪ್ರಶ್ನೆ ಯಾಕೆ?"

ತನ್ನ ದನಿ ಅಂಗಳದಾಚೆಗೂ ಹೋದದ್ದು ಅವನಿಗೇ ಕೇಳಿಸಿತು. ಅವಳು ಹೆದರಲಿಲ್ಲ. ಕತ್ತೆತ್ತಿ ಅವನ ಮುಖ ನೋಡಿದಳು. ಪ್ರೂಫು ನೋಡುವವರು ಹಾಗೆ ನೋಡುತ್ತಾರೆ, ಒಂದೊಂದೇ ಅಕ್ಷರ ಬಿಡಿಸಿ. ಅವನು ಜಗಲಿಯ ಕಂಬ ಹಿಡಿದು ನಿಂತೇ ಹೇಳಿದ. ಟೀಚರು ಹಾಗೆ ಹೇಳಿರಲಿಲ್ಲ. ಟೀಚರಲ್ಲಿ ನಾನೇ ಹೀಗೆ ಹೇಳಿದೆ. ನಿನ್ನಲ್ಲಿ ಹಾಗೆ ಹೇಳಿದೆ. ಎರಡು ಪುಟ ಹೆಚ್ಚಾಗಿತ್ತು, ಧಣಿಗಳು ಆರು ಫಾರ್ಮಿನಲ್ಲಿ ಮುಗಿಸು ಅಂದಿದ್ದರು. ಹೇಳಿದ್ದೆಲ್ಲ ನಿಜವಾಗಿದ್ದರೂ ಹೇಳುತ್ತ ಹೇಳುತ್ತ ಅದು ಇನ್ನೊಬ್ಬನ ತಪ್ಪಿನಂತೆ, ಕಾಗದದ ತಪ್ಪಿನಂತೆ ಆಗುತ್ತಿತ್ತು. ಅದನ್ನು ಅವಳೂ ಗಮನಿಸಿದಳೆಂದು ಗೊತ್ತಾಗಿ ಅವನು ನಿಲ್ಲಿಸಿದ.

"ಎರಡು ಪುಟ," ಎಂದಳು ಆನ್ಸಿಲ್ಲಾ.

"ಹೂಂ."

"ಬಾವಿಯದ್ದು ಮಾತ್ರ ತೆಗೀಬಹುದಿತ್ತಲ್ಲ. ಅದು ನಾಲ್ಕು ಸಾಲು. ನಾನು ಓದ್ಲಿಕ್ಕೆ ಕಲಿತದ್ದು ಯಾಕೆ ತೆಗೆದದ್ದು?"

ಅವನಿಗೆ ಉತ್ತರ ಗೊತ್ತಿತ್ತು. ಬಾವಿಯದ್ದಕ್ಕಿಂತ ಅದೇ ಹೆಚ್ಚು ನಾಚಿಕೆಯದ್ದಾಗಿತ್ತು. ಅಕ್ಷರದವನು ತಾನು; ತನ್ನದೇ ಹಾಳೆಯಲ್ಲಿ ಹೆಂಡತಿ ಓದಲು ಕಲಿತದ್ದು ತನಗೇ ಗೊತ್ತಿರಲಿಲ್ಲ.

"ನನ್ನ ಜನ್ಮದಲ್ಲಿ ಎಂತದೂ ಇಲ್ಲ ಅಂತಲೇ ನಾನು ಇಷ್ಟು ವರ್ಷ ಕೂತದ್ದು," ಎಂದಳು. ದನಿ ಏರಲಿಲ್ಲ. "ಚರ್ಚಿಗೆ ಪೂಜೆಗೆ ಹೋದರೆ ಟೀಚರ ಹೆಸರು ಹೇಳಿ ಪ್ರಾರ್ಥನೆ ಮಾಡ್ತಿದ್ದೆ. ಅವರ ಮೇಲೆ ಸಿಟ್ಟು ಹೋಗ್ಲಿ ದೇವರೇ ಅಂತ."

ಮೊರವನ್ನು ಬದಿಗೆ ಸರಿಸಿದಳು. ಗೋಡೆ ಹಿಡಿದು ಎದ್ದಳು. ಒಳಗೆ ಹೋಗಿ ಕೈ ತೊಳೆದುಕೊಂಡು, ಒಂದು ಲೋಟ ನೀರು ಕುಡಿದು, ಕಿಟಕಿಯ ದಂಡೆಯಲ್ಲಿದ್ದ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಉಟ್ಟ ಸೀರೆ ಬದಲಿಸಲಿಲ್ಲ. ಎಲ್ಲಿಗೆ ಎಂದು ಅವನು ಕೇಳಿದ. ಅವಳು ಕೊಡೆ ಬಿಡಿಸಿ ಅಂಗಳ ದಾಟಿದಳು. ಅವಸರವಿಲ್ಲದೆ, ಬ್ರಾಂಚಿಗೆ ಬೀಡಿ ಕೊಡಲು ಹೋಗುವವಳಂತೆ. ಅರ್ಧ ಸೋಸಿದ ಬಸಳೆ ಮೊರದಲ್ಲಿತ್ತು. ಬರುತ್ತಾಳೆ ಎಂದು ಅವನು ತಿಳಿದ. ಬಂದ ಮೇಲೆ ಏನು ಹೇಳಬೇಕೆಂದು ಜೋಡಿಸುತ್ತ, ಮುರಿಯುತ್ತ, ಮತ್ತೆ ಜೋಡಿಸುತ್ತ ಕೂತ. ಸಂಜೆ ಚಿತ್ರಾಳೂ ಬರಲಿಲ್ಲ.

ಮರುದಿನ ಅವನು ಪ್ರೆಸ್ಸಿಗೆ ಹೋದ. ಈಶ್ವರಪ್ರಸಾದ ತಲೆಯೆತ್ತಲಿಲ್ಲ. ಚಿತ್ರಾ ಎದ್ದು ಬಂದು ಮೆಲ್ಲಗೆ ಹೇಳಿದಳು:

"ಬಾಯಮ್ಮ ಅಲ್ಲಿಗೇ ಬಂದಿದ್ರು ಅಂಕಲ್, ಟೀಚರ ಮನೆಗೆ. ಕೈಬರಹದ್ದು ಕೇಳಿ ತಕ್ಕೊಂಡು ಕನ್ನಡಕ ಹಾಕಿ ಅವರೇ ಓದಿದ್ರು, ಎರಡು ಸಲ. ಟೀಚರು ಅತ್ತುಬಿಟ್ರು. ಬಾಯಮ್ಮ ಅಳ್ಲಿಲ್ಲ. ಹಾಕು ಅಂದ್ರು. ಆಮೇಲೆ ಸೀತಾಂಗೋಳಿಯ ಬಸ್ಸು ಹತ್ತಿದ್ರು, ತಂಗಿ ಎಮಿಲಿಯಾ ಬಾಯಮ್ಮನಲ್ಲಿಗೆ. ನಿಮಗೆ ಹೇಳಿರಬೇಕಲ್ಲ?"

"ಹೇಳಿದ್ದಾಳೆ," ಎಂದ ಆಂಬ್ರೋಸ್.

"ಹಾಕಿ ಆಯ್ತು. ನೋಡ್ತೀರಾ?"

ಅವಳು ಫೋನು ಅವನ ಕೈಗೆ ಕೊಟ್ಟಳು. ಮೂವತ್ತೆರಡು ಎಂಬಲ್ಲಿ ಬೆರಳಿಟ್ಟಾಗ ಹೆಸರು ತೆರೆಯಿತು. ಅಕ್ಷರ ಸಣ್ಣದಾಗಿ ಕಂಡು ಅವನು ಕಣ್ಣು ಕಿರಿದು ಮಾಡಿದ. ಚಿತ್ರಾ ಏನೋ ಒತ್ತಿ ದೊಡ್ಡದು ಮಾಡಿದಳು. ಅಕ್ಷರ ದೊಡ್ಡದಾದಂತೆ ಸಾಲುಗಳು ತಾವಾಗಿಯೇ ಮುರಿದು ಕೆಳಗಿಳಿದವು, ಎರಡು ಪುಟದ್ದು ಹನ್ನೊಂದು ಪರದೆಯಾಯಿತು. ಯಾವ ಸಾಲನ್ನೂ ಯಾರೂ ಬಿಗಿ ಮಾಡಿರಲಿಲ್ಲ. ಬಲಬದಿ ಹರಿದ ಬಟ್ಟೆಯಂತಿತ್ತು. ಅವನು ಓದಿದ. ಬಾವಿ ಬಂತು. ಮೂರು ದಿನದ ಕಹಿ ನೀರು ಬಂತು. ಪ್ರೂಫು ಹಾಳೆ ಬಂತು. ಯಾವುದು ಸರಿ ಎಂದು ನನಗೂ ತಿಳಿಯುತ್ತಿತ್ತು, ಎಂದು ಬಂತು. ಅಲ್ಲಿಗೆ ಮುಗಿಯಿತು.

ಬೆರಳಿನಿಂದ ಮೇಲೆ ಸರಿಸಿದ. ಮುಂದೆ ಏನೂ ಇರಲಿಲ್ಲ.

"ಒಂದು ಸಾಲು ಬಿಟ್ಟುಹೋಗಿದೆ," ಎಂದ.

"ಬಿಟ್ಟದ್ದಲ್ಲ ಅಂಕಲ್." ಚಿತ್ರಾ ಫೋನಿಗಾಗಿ ಕೈ ಚಾಚಿದಳು. "ಕೊನೆಯದ್ದೊಂದು ಬೇಡ ಅಂತ ಬಾಯಮ್ಮನೇ ಹೇಳಿದ್ದು. ಟೀಚರ ಪೆನ್ನು ಕೇಳಿ ಅವರೇ ಗೆರೆ ಎಳೆದ್ರು."

ಅವನು ಫೋನನ್ನು ಕೊಡಲಿಲ್ಲ. ಅವರು ಕೆಟ್ಟವರಲ್ಲ ಎಂಬ ಆ ಸಾಲು ಹೋದ ಜಾಗವನ್ನು ಹುಡುಕಿದ. ಕಾಗದದಲ್ಲಾದರೆ ಅಷ್ಟು ಬಿಳಿ ಉಳಿಯುತ್ತಿತ್ತು. ಅದನ್ನು ಮುಚ್ಚಲಿಕ್ಕೆ ಅವನಂಥವನೊಬ್ಬ ಅರ್ಧ ದಿನ ಕೂರಬೇಕಾಗುತ್ತಿತ್ತು. ಇಲ್ಲಿ ತೂತಿರಲಿಲ್ಲ, ಗುರುತಿರಲಿಲ್ಲ. ಅಲ್ಲಿ ಯಾವತ್ತೂ ಏನೂ ಇದ್ದೇ ಇರಲಿಲ್ಲ ಎಂಬಂತಿತ್ತು.

ಆ ಸಂಜೆ ವರ್ಕಾಡಿಯಲ್ಲಿ ಇಳಿದವನು ಮನೆಗೆ ಹೋಗದೆ ಸೀತಾಂಗೋಳಿಯ ಕಡೆಯಿಂದ ಬರುವವರು ಇಳಿಯುವ ಬಸ್ಸಿಗೆ ಕಾದ. ಬಸ್ಸು ಬಂತು. ಇಬ್ಬರು ಮುದುಕರು ಇಳಿದರು, ಒಂದು ಅಕ್ಕಿಮೂಟೆ ಇಳಿಯಿತು. ಮರುದಿನವೂ ಕಾದ. ಆನ್ಸಿಲ್ಲಾ ಆ ಬಸ್ಸಿನಲ್ಲಿ ಬರಲಿಲ್ಲ, ಯಾವ ಬಸ್ಸಿನಲ್ಲಿಯೂ ಬರಲಿಲ್ಲ.